ಮಧ್ಯಾಹ್ನ ಆಗ್ತಿದ್ದಂಗೆ ಕೈ ಸತ್ತು ಹೋಗುತ್ತೆ. ಇಡೀ ದಿನ ಆಫ್‌ರೋಡ್ ಓಡಿಸೋರು ಹೇಗೆ ತಡ್ಕೊಳ್ತೀರಿ?

ಪ್ರಶ್ನೆ

ಮೊನ್ನೆ ಭಾನುವಾರ ಗೆಳೆಯರೆಲ್ಲ ಸೇರಿ ಐದು ಬೈಕಲ್ಲಿ ಮಣ್ಣುದಾರಿ ಹಿಡಿದಿದ್ವಿ. ಬೆಳಗ್ಗೆ ಆರಕ್ಕೆ ಹೊರಟವರು ವಾಪಸ್ ಬಂದಾಗ ಕತ್ತಲಾಗಿತ್ತು. ಓಡಿಸಿದ್ದು ಬರೀ 74 ಕಿಲೋಮೀಟರ್. ಟಾರು ರಸ್ತೆ ಮೇಲೆ ನಾನು ಹನ್ನೆರಡು ವರ್ಷದಿಂದ ಓಡಿಸ್ತಿದ್ದೀನಿ, ದಿನಕ್ಕೆ 500 ಕಿಲೋಮೀಟರ್ ಹೋಗಿ ಬಂದರೂ ಇಷ್ಟು ಸುಸ್ತಾಗಿದ್ದಿಲ್ಲ. ಮಣ್ಣಿಗೆ ಇಳಿದು ಮಾತ್ರ ನಾಲ್ಕೇ ತಿಂಗಳು. ನನ್ನದು 200 ಸಿಸಿ ಬೈಕು. ಮುಂದೆ 21 ಇಂಚಿನ ಚಕ್ರ, ಹಿಂದೆ 18, ಎರಡಕ್ಕೂ ಮಣ್ಣು ಕಚ್ಚೋ ದಪ್ಪ ಉಬ್ಬುಗಳಿರೋ ಗುಂಡಿ ಟೈರ್ ಹಾಕಿಸಿದ್ದೀನಿ.

ಬೆಳಗಿನ ಹೊತ್ತು ಎಷ್ಟು ಚೆನ್ನಾಗಿತ್ತು ಅಂದರೆ, ಅದಕ್ಕೋಸ್ಕರವೇ ಮತ್ತೆ ಮತ್ತೆ ಹೋಗಬೇಕು ಅನಿಸುತ್ತೆ. ಇಬ್ಬನಿಗೆ ನೆಂದ ಮಣ್ಣು, ಧೂಳೇ ಇಲ್ಲ. ಮುಂದಿನವನ ಟೈರಿನ ಗುಂಡಿ ಗುರುತು ನೆಲದ ಮೇಲೆ ಅಚ್ಚೊತ್ತಿದ ಹಾಗೆ ಕಾಣ್ತಿತ್ತು. ಒಣಗಿದ ಹಳ್ಳದ ಮರಳಲ್ಲಿ ಹ್ಯಾಂಡಲ್ ಆ ಕಡೆ ಈ ಕಡೆ ಓಲಾಡೋಕೆ ಶುರುವಾದಾಗ ಭಯ ಆಯ್ತು, ಆದರೂ ಆಕ್ಸಿಲರೇಟರ್ ಬಿಡದೆ ನಿಂತ್ಕೊಂಡೇ ದಾಟಿಬಿಟ್ಟೆ. ಹಿಂದಿದ್ದ ಗೆಳೆಯ ಜೋರಾಗಿ ಹಾರ್ನ್ ಹೊಡೆದ. ಆ ಖುಷಿ ಇನ್ನೂ ಎದೆಯಲ್ಲಿದೆ.

ಹನ್ನೊಂದರ ಮೇಲೆ ಕಲ್ಲುದಾರಿ ಶುರುವಾಯ್ತು. ಮುಷ್ಟಿ ಗಾತ್ರದ ಸಡಿಲ ಕಲ್ಲು, ಎರಡು ಕಿಲೋಮೀಟರ್ ಉದ್ದಕ್ಕೂ. ಅದು ಮುಗಿಯೋ ಹೊತ್ತಿಗೆ ನನ್ನ ಮುಂಗೈ ಎರಡೂ ಕೊರಡಿನ ಹಾಗೆ ಗಟ್ಟಿಯಾಗಿತ್ತು. ನೀರಿನ ಬಾಟಲಿ ಮುಚ್ಚಳ ತೆಗೆಯೋಕೂ ಆಗ್ಲಿಲ್ಲ, ಪಕ್ಕದವನು ತೆಗೆದುಕೊಟ್ಟ. ಕ್ಲಚ್ ಹಿಡಿದ ಬೆರಳು ಬಿಡಿಸೋಕೆ ಬಲಗೈ ಸಹಾಯ ಬೇಕಾಯ್ತು.

ಆಮೇಲೆ ಬಂದಿದ್ದು ಆ ಏರು. ಮುಕ್ಕಾಲು ಹತ್ತಿದ್ದೆ, ಎಂಜಿನ್ ಆಫ್ ಆಯ್ತು. ಗಾಬರಿಯಲ್ಲಿ ಕ್ಲಚ್ ಎಳೆದು ಮುಂದಿನ ಬ್ರೇಕ್ ಹಿಡಿದೆ. ಚಕ್ರ ತಿರುಗ್ತಾ ಇಲ್ಲ, ಆದರೆ ಬೈಕ್ ಹಿಂದಕ್ಕೆ ಜಾರ್ತಾನೇ ಇದೆ! ಕೊನೆಗೆ ಎಡಕ್ಕೆ ಬಿತ್ತು, ಕ್ಲಚ್ ಲಿವರ್ ಅರ್ಧಕ್ಕೆ ಮುರಿಯಿತು. ಉಳಿದ ಅರ್ಧದಲ್ಲೇ ಎರಡು ಬೆರಳಿಟ್ಟು ಇನ್ನೂ ಮೂರು ಸಲ ಪ್ರಯತ್ನಪಟ್ಟೆ, ಮೂರು ಸಲವೂ ಬಿದ್ದೆ. ಕೊನೆಗೆ ನಾಲ್ಕೂ ಜನ ಇಳಿದು ಬಂದು ಬೈಕಿಗೆ ಪಟ್ಟಿ ಕಟ್ಟಿ ಎಳೆದರು.

ಗುಡ್ಡದ ನೆತ್ತಿ ಇನ್ನು ಮೂರೇ ಕಿಲೋಮೀಟರ್ ಇತ್ತು. ನನ್ನಿಂದಾಗಿ ಅಲ್ಲಿಂದಲೇ ತಿರುಗಿದ್ವಿ. ಯಾರೂ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತಿದೆ. ಎರಡು ವಾರ ಬಿಟ್ಟು ಮತ್ತೆ ಹೋಗೋದಿದೆ. ಇದು ಕೈಯಲ್ಲಿ ಶಕ್ತಿ ಸಾಲದೆ ಆಗಿದ್ದಾ, ಇಲ್ಲಾ ಓಡಿಸೋ ರೀತಿಯೇ ತಪ್ಪಾ? ಏರಲ್ಲಿ ಎಂಜಿನ್ ನಿಂತುಹೋದರೆ ಏನು ಮಾಡಬೇಕು?

ಉತ್ತರ 1

ಶಕ್ತಿಯ ಪ್ರಶ್ನೆ ಅಲ್ಲ ಇದು. ಹ್ಯಾಂಡಲ್‌ಗೆ ಜೋತುಬಿದ್ದು ಓಡಿಸ್ತಿದ್ದೀರಿ. ಮುಷ್ಟಿ ಬಿಗಿಹಿಡಿದೇ ಇದ್ದರೆ ಮುಂಗೈ ಸ್ನಾಯುಗೆ ರಕ್ತ ನುಗ್ಗಿ ಅದು ಊದಿಕೊಳ್ಳುತ್ತೆ. ಆ ಸ್ನಾಯುವಿನ ಸುತ್ತ ಹಿಗ್ಗದ ಒಂದು ಪೊರೆ ಇದೆ, ಹಾಗಾಗಿ ಒಳಗಿನ ಒತ್ತಡ ಏರಿ ರಕ್ತ ಸಲೀಸಾಗಿ ಹೊರಗೆ ಹರಿಯಲ್ಲ. ಕೊರಡಿನ ಹಾಗೆ ಆಯ್ತು ಅಂದ್ರಲ್ಲ, ಅದು ಇದೇ. ಮೋಟೋಕ್ರಾಸ್ ಓಡಿಸೋರು ಆರ್ಮ್ ಪಂಪ್ ಅಂತಾರೆ, ಅವರನ್ನೂ ಇದು ಬಿಡಲ್ಲ.

ಒಂದು ಪರೀಕ್ಷೆ ಮಾಡಿ. ಸಮತಟ್ಟಾದ ಮಣ್ಣಲ್ಲಿ ಎರಡನೇ ಗೇರಲ್ಲಿ ನಿಧಾನಕ್ಕೆ ಹೋಗ್ತಾ ಕಾಲಿಡೋ ಫುಟ್‌ಪೆಗ್ ಮೇಲೆ ನಿಂತು, ಎರಡೂ ಕೈಯ ಬೆರಳು ಸಡಿಲಿಸಿ, ಅಂಗೈ ಮಾತ್ರ ಗ್ರಿಪ್ ಮೇಲೆ ಇರಲಿ. ಹಾಗೇ ನಿಲ್ಲೋಕೆ ಆದರೆ ಭಾರ ಕಾಲಿನ ಮೇಲಿದೆ. ಹಿಂದಕ್ಕೋ ಮುಂದಕ್ಕೋ ವಾಲಿದರೆ ಅಷ್ಟೂ ಭಾರ ಕೈ ಹೊರ್ತಿದೆ ಅಂತ ಅರ್ಥ. ಸೊಂಟದಲ್ಲಿ ಬಗ್ಗಿ, ಮಂಡಿ ಸ್ವಲ್ಪ ಮಡಚಿ, ಟ್ಯಾಂಕನ್ನು ಮಂಡಿಯಲ್ಲಿ ಹಿಡೀರಿ. ಬೂಟಿನ ಒಳಮೈ ಫ್ರೇಮಿಗೆ ಒತ್ತಿರಲಿ. ಬೈಕ್ ಕೆಳಗಡೆ ಕುಣಿದುಕೊಳ್ಳಲಿ ಬಿಡಿ. ಬೆಳಗ್ಗೆ ಮರಳಲ್ಲಿ ನೀವು ಮಾಡಿದ್ದು ಅದೇ ತಾನೇ? ಕಲ್ಲು ಕಂಡ ತಕ್ಷಣ ಹೆದರಿ ಬಿಗಿಯಾಗಿರ್ತೀರಿ.

ಇನ್ನು ಲಿವರ್. ರಸ್ತೆಯಲ್ಲಿ ಕೂತು ಓಡಿಸೋಕೆ ಸರಿಹೋಗೋ ಹಾಗೆ ಅದು ಮೇಲಕ್ಕೆ ಇರುತ್ತೆ. ನಿಂತಾಗ ಬೆರಳು ಚಾಚೋಕೆ ಮಣಿಕಟ್ಟು ಹಿಂದಕ್ಕೆ ಬಾಗಿಸಬೇಕು, ಇಡೀ ದಿನ ಹಾಗೆ ಹಿಡಿದರೆ ಯಾರ ಕೈಯಾದರೂ ಸೋಲುತ್ತೆ. ಲಿವರನ್ನು ಹ್ಯಾಂಡಲ್‌ಗೆ ಹಿಡಿದಿರೋ ಕ್ಲಾಂಪ್ ಸಡಿಲಿಸಿ ಅದನ್ನು ಕೆಳಕ್ಕೆ ತಿರುಗಿಸಿ. ನಿಂತಾಗ ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು. ಮತ್ತೆ ಆ ಕ್ಲಾಂಪಿನ ಬೋಲ್ಟನ್ನು ಪೂರ್ತಿ ಬಿಗೀಬೇಡಿ. ಕ್ಲಾಂಪ್ ಕೂರೋ ಜಾಗದಲ್ಲಿ ಹ್ಯಾಂಡಲ್‌ಗೆ ನಲ್ಲಿಗೆ ಸುತ್ತೋ ಬಿಳಿ ಟೆಫ್ಲಾನ್ ಟೇಪ್ ಒಂದೆರಡು ಸುತ್ತು ಸುತ್ತಿ, ಓಡಿಸುವಾಗ ಅಲ್ಲಾಡದಷ್ಟು ಮಾತ್ರ ಬಿಗಿ ಮಾಡಿ. ಬಿದ್ದಾಗ ಲಿವರ್ ತಿರುಗಿಕೊಳ್ಳುತ್ತೆ, ಸುಲಭಕ್ಕೆ ಮುರಿಯಲ್ಲ.

ಟೈರಲ್ಲಿ ಗಾಳಿ ಎಷ್ಟಿತ್ತು ಅಂತ ಬರೆದಿಲ್ಲವಲ್ಲ?

ಪ್ರಶ್ನೆ ಕೇಳಿದವರು

ಮುಂದೆ 25, ಹಿಂದೆ 29 ಪಿಎಸ್‌ಐ. ರಸ್ತೆಗೆ ಹಾಕಿಸಿದ್ದು, ಇಳಿಸಲೇ ಇಲ್ಲ. ನೀವು ಹೇಳಿದ ಮೇಲೆ ಗ್ಯಾರೇಜಲ್ಲಿ ಬೈಕ್ ಮೇಲೆ ನಿಂತು ನೋಡಿದೆ. ಲಿವರ್ ಹಿಡಿಯೋಕೆ ಹೋದರೆ ಮಣಿಕಟ್ಟು ಪೂರ್ತಿ ಮೇಲಕ್ಕೆ ಮಡಚಿಕೊಳ್ಳುತ್ತೆ. ನಾಲ್ಕು ತಿಂಗಳು ಹೀಗೇ ಓಡಿಸಿದ್ದೀನಿ.

ಉತ್ತರ 1

ಹಾಗಾದರೆ ಪ್ರತಿ ಕಲ್ಲೂ ನೇರ ನಿಮ್ಮ ಕೈಗೇ ಹೊಡೆದಿದೆ. ಟ್ಯೂಬ್ ಟೈರಾದರೆ ಎರಡರಲ್ಲೂ 20ರ ಆಸುಪಾಸಿಗೆ ಇಳಿಸಿ ನೋಡಿ. ತೀರಾ ಇಳಿಸಿದರೆ ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತೆ, ಅದಕ್ಕೇ ಅದಕ್ಕಿಂತ ಕೆಳಗೆ ನಾನು ಹೋಗಲ್ಲ. ಜೊತೆಗೆ ಪಂಪ್ ಇರಲಿ, ಟಾರು ಹತ್ತೋ ಮೊದಲು ಮತ್ತೆ ತುಂಬಿಸಲೇಬೇಕು.

ಉತ್ತರ 2

ಏರಿನ ವಿಷಯಕ್ಕೆ ಬರ್ತೀನಿ, ಅಲ್ಲೇ ಜನ ಕಾಲು ಮುರ್ಕೊಳ್ಳೋದು.

ಏರಲ್ಲಿ ಬೈಕಿನ ಹೆಚ್ಚಿನ ಭಾರ ಹಿಂದಿನ ಚಕ್ರದ ಮೇಲೆ ಇರುತ್ತೆ. ಮುಂದಿನ ಚಕ್ರಕ್ಕೆ ನೆಲದ ಹಿಡಿತವೇ ಸಾಲದು, ಅದಕ್ಕೇ ಬ್ರೇಕ್ ಹಿಡಿದರೂ ಜಾರಿದ್ದು. ಎಂಜಿನ್ ನಿಂತ ಕ್ಷಣ ನಿಮ್ಮ ಕೈಲಿದ್ದ ಒಳ್ಳೇ ಬ್ರೇಕ್ ಅಂದರೆ ಆ ನಿಂತ ಎಂಜಿನ್ನೇ. ಕ್ಲಚ್ ಎಳೆದು ಅದನ್ನೂ ಕಳ್ಕೊಂಡ್ರಿ. ಗೇರ್ ಹಾಗೇ ಇರಲಿ, ಕ್ಲಚ್ ಪೂರ್ತಿ ಬಿಡಿ, ಹಿಂದಿನ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತೆ. ಕೀ ಆಫ್ ಮಾಡಿ, ಉಸಿರು ತಗೊಳ್ಳಿ. ಮುಂದಿನ ಬ್ರೇಕ್ ಬೆರಳ ಕೆಳಗೇ ಇರಲಿ.

ಆಮೇಲೆ ಕ್ಲಚ್ಚನ್ನು ಕೂದಲೆಳೆಯಷ್ಟು ಎಳೆದರೆ ಬೈಕ್ ಒಂದು ಗೇಣು ಹಿಂದಕ್ಕೆ ಬರುತ್ತೆ, ಬಿಟ್ಟರೆ ನಿಲ್ಲುತ್ತೆ. ಹ್ಯಾಂಡಲ್ ಒಂದು ಕಡೆಗೆ ತಿರುಗಿಸಿ ಹೀಗೇ ಗೇಣು ಗೇಣಾಗಿ ಬಿಡ್ತಾ ಬಂದರೆ ಬೈಕ್ ಗುಡ್ಡಕ್ಕೆ ಅಡ್ಡವಾಗುತ್ತೆ. ನೀವು ಯಾವಾಗಲೂ ಮೇಲಿನ ಮಗ್ಗುಲಲ್ಲೇ ಇರಬೇಕು. ಕೆಳಗಿನ ಮಗ್ಗುಲಿಗೆ ಮಾತ್ರ ಯಾವತ್ತೂ ಇಳೀಬೇಡಿ, ಬಿದ್ದರೆ ಅಷ್ಟೂ ಭಾರ ಮೈಮೇಲೆ. ಮೂತಿ ಕೆಳಕ್ಕೆ ತಿರುಗಿದ ಮೇಲೆ ಅದೇ ಕ್ಲಚ್ ಆಟದಲ್ಲಿ ಇಳಿದು ಬಂದು, ಬುಡದಿಂದ ಮತ್ತೆ ಶುರು ಮಾಡಿ. ಮಧ್ಯದಿಂದ ಹತ್ತಿಸೋ ಹಟ ಬೇಡ. ಬುಡದಲ್ಲೇ ಎರಡನೇ ಗೇರ್ ಹಾಕಿ ವೇಗ ತಗೊಂಡು ಹೊರಡಿ, ನಡುವೆ ಗೇರ್ ಬದಲಾಯಿಸೋ ಪ್ರಸಂಗ ಬರಬಾರದು. ಇದನ್ನ ಮೊದಲು ಮನೆಯೆತ್ತರದ ಹುಲ್ಲು ದಿಬ್ಬದಲ್ಲಿ, ಬೇಕಂತಲೇ ಎಂಜಿನ್ ನಿಲ್ಲಿಸಿ ಇಪ್ಪತ್ತು ಸಲ ಮಾಡಿ.

ಬಿದ್ದ ಬೈಕನ್ನು ಎತ್ತಿದ್ದು ಹೇಗೆ? ತೋಳಲ್ಲಿ ಎಳೆದು ಎತ್ತಿದ್ದರೆ ಉಳಿದಿದ್ದ ಶಕ್ತಿಯೂ ಅಲ್ಲೇ ಹೋಗಿರುತ್ತೆ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಕಾಲಲ್ಲಿ ಹಿಂದಕ್ಕೆ ಒತ್ತುತ್ತಾ ಮೇಲೇಳಿ.

ಉತ್ತರ 3

ತಾಂತ್ರಿಕ ವಿಷಯ ಮೇಲಿನವರು ಹೇಳಿದ್ದಾರೆ. ಗೆಳೆಯರು ಒಂದು ಮಾತೂ ಆಡಲಿಲ್ಲ ಅಂತ ನೀವು ಬರೆದ ಆ ಎರಡು ಸಾಲಿಗೆ ನಾನು ಉತ್ತರ ಕೊಡ್ತೀನಿ.

ಆರು ವರ್ಷದ ಹಿಂದೆ ನನಗೂ ಹೀಗೇ ಕೈ ಸೋತಿತ್ತು. ಆದರೆ ನಾನು ಬಾಯಿ ಬಿಡಲಿಲ್ಲ, ಗೆಳೆಯರ ದಿನ ಹಾಳಾಗಬಾರದು ಅಂತ. ಇಳಿಜಾರಲ್ಲಿ ಒಂದು ಬೇರಿಗೆ ಚಕ್ರ ಸಿಕ್ಕಿತು, ಬ್ರೇಕ್ ಒತ್ತೋಕೆ ಬೆರಳು ಕೇಳಲಿಲ್ಲ. ಕೈ ಊರಿ ಬಿದ್ದೆ. ಹೆಬ್ಬೆರಳ ಬುಡದ ಪುಟ್ಟ ಮೂಳೆ ಬಿರಿದು ಮೂರು ತಿಂಗಳು ಕೈಗೆ ಪಟ್ಟಿ. ಅದಕ್ಕಿಂತ ದೊಡ್ಡ ನೋವು ಅಂದರೆ, ಅವತ್ತು ನನ್ನ ಬೈಕನ್ನು ಇಬ್ಬರು ಕತ್ತಲಲ್ಲಿ ತಳ್ಳಿಕೊಂಡು ಬಂದರು. ಮೊದಲೇ ಒಂದು ಮಾತು ಹೇಳಿದ್ದರೆ ಹತ್ತು ನಿಮಿಷ ಕೂತು ಎದ್ದು ಬರ್ತಿದ್ವಿ.

ನಿಮ್ಮ ಗೆಳೆಯರು ಸುಮ್ಮನಿದ್ದಿದ್ದು ಬೇಜಾರಿಗಲ್ಲ ಅಂತ ನನಗನಿಸುತ್ತೆ. ನಾಲ್ಕು ಜನ ಏರು ಇಳಿದು ಬಂದು ಪಟ್ಟಿ ಕಟ್ಟಿ ಎಳೆದವರು ಅವರು. ಆದರೂ ಮನಸ್ಸಲ್ಲಿ ಇಟ್ಕೊಂಡು ಕೊರಗೋ ಬದಲು ಕೇಳಿಬಿಡಿ. ಮತ್ತೆ ಹೊರಡುವಾಗ ನಿಮ್ಮನ್ನ ಕೊನೆಗೆ ಹಾಕೋದು ಬೇಡ ಅನ್ನಿ. ಕೊನೆಗಿರೋ ಹೊಸಬ ಮುಂದಿನವರನ್ನ ಹಿಡಿಯೋ ಅವಸರದಲ್ಲೇ ಸುಸ್ತಾಗೋದು. ಅವರೆಲ್ಲ ಕಾದು ದಣಿವಾರಿಸ್ಕೊಂಡಿರ್ತಾರೆ, ನೀವು ತಲುಪಿದ ಕೂಡಲೇ ಹೊರಟುಬಿಡ್ತಾರೆ, ನಿಮಗೆ ವಿಶ್ರಾಂತಿಯೇ ಇಲ್ಲ. ನಮ್ಮಲ್ಲಿ ಹೊಸಬರು ಎರಡನೆಯವರು, ಅನುಭವಸ್ಥ ಕೊನೆಯವನು. ಕವಲು ಬಂದಾಗಲೆಲ್ಲ ಹಿಂದಿನವನ ಹೆಲ್ಮೆಟ್ ಕಾಣೋವರೆಗೆ ಯಾರೂ ಕದಲಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಈ ಭಾನುವಾರ ಒಬ್ಬನೇ ದೂರ ಹೋಗದೆ, ಕಲ್ಲಿರೋ ಒಂದು ಬಯಲಲ್ಲಿ ಮೂರು ಗಂಟೆ ಅಭ್ಯಾಸ ಮಾಡಿದೆ. ಹೊಸ ಲಿವರ್ ಹಾಕಿ ಎರಡು ಬೆರಳಷ್ಟು ಕೆಳಗಿಳಿಸಿದ್ದೀನಿ, ಗಾಳಿ 20. ಅದೇ ಥರದ ಕಲ್ಲಿನ ಮೇಲೆ ಬೈಕ್ ಬೇರೇನೇ ಆಗಿದೆ. ಮೊದಲು ಕಲ್ಲಿಂದ ಕಲ್ಲಿಗೆ ಪುಟಿಯುತ್ತಿದ್ದ ಮುಂದಿನ ಚಕ್ರ ಈಗ ಒತ್ತಿಕೊಂಡು ಉರುಳುತ್ತೆ. ಮುಂಗೈ ಬಿಗಿಯೋದು ಪೂರ್ತಿ ಹೋಗಿಲ್ಲ, ಆದರೆ ಬೆರಳು ತಾನಾಗಿ ಬಿಡಿಸಿಕೊಳ್ಳುತ್ತೆ. ಈಗ ನೋವು ತೊಡೆಗೆ ಬಂದಿದೆ, ಅದು ಸರಿಯಾದ ಜಾಗ ಅಂದ್ಕೊಂಡಿದ್ದೀನಿ. ದಿಬ್ಬದಲ್ಲಿ ಕ್ಲಚ್ ಬಿಟ್ಟು ನಿಲ್ಲಿಸೋದು ಹನ್ನೆರಡನೇ ಸಲಕ್ಕೆ ಕೈಗೆ ಹತ್ತಿತು.

ಗೆಳೆಯರನ್ನೂ ಕೇಳಿದೆ. ಅವರಲ್ಲಿ ಒಬ್ಬನ ಪೆಟ್ರೋಲ್ ಆಗಲೇ ರಿಸರ್ವ್‌ಗೆ ಬಂದಿತ್ತಂತೆ, ಹೇಗೂ ತಿರುಗಲೇಬೇಕಿತ್ತಂತೆ. ಅವನೂ ಹೇಳಿರಲಿಲ್ಲ! ಮುಂದಿನ ಸಲ ನಾನು ಎರಡನೆಯವನು. ದಾರಿಯ ಕ್ರಮವನ್ನೂ ಬದಲಾಯಿಸಿದ್ದೀವಿ, ಕೈ ಹಗುರ ಇರುವಾಗಲೇ, ಬೆಳಗ್ಗೆ ಎಂಟರೊಳಗೆ ಆ ಏರು ಹತ್ತೋದು ಅಂತ. ಒಂದೇ ಒಂದು ಉಳಿದಿದೆ. ನಿಂತಾಗ ಬೂಟಿನ ತುದಿಗೆ ಹಿಂದಿನ ಬ್ರೇಕ್ ಪೆಡಲ್ ಸಿಗ್ತಾ ಇಲ್ಲ, ತೀರಾ ಕೆಳಗಿದೆ. ಎತ್ತರಿಸಬಹುದಾ?

ಉತ್ತರ 1

ಆಗುತ್ತೆ. ಪೆಡಲ್‌ನಿಂದ ಮಾಸ್ಟರ್ ಸಿಲಿಂಡರಿಗೆ, ಅಂದರೆ ಬ್ರೇಕ್ ಎಣ್ಣೆ ಒತ್ತೋ ಭಾಗಕ್ಕೆ, ಹೋಗೋ ಕಡ್ಡಿಯ ಲಾಕ್‌ನಟ್ ಸಡಿಲಿಸಿ, ಕಡ್ಡಿ ತಿರುಗಿಸಿದರೆ ಪೆಡಲ್ ಏರಿಳಿಯುತ್ತೆ. ಬೂಟು ಹಾಕಿಕೊಂಡೇ ಅಳತೆ ನೋಡಿ. ಆದಮೇಲೆ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಪೆಡಲ್ ಮುಟ್ಟದೇ ಇರುವಾಗ ಬ್ರೇಕ್ ಹಿಡೀತಿರಬಾರದು.