ಕಡಾಣಿಯೋ, ಕೀಲೋ, ಬೆಣೆಯೋ? ಕತ್ತಿಯ ಹಿಡಿಯ ಒಂದು ಮೊಳೆಯ ಬಗ್ಗೆ

ಜಪಾನಿ ಕತ್ತಿವರಸೆ ಕಲಿಯುತ್ತಿರುವ ನನ್ನ ತಮ್ಮನ ಮಗ ಕಳೆದ ತಿಂಗಳು ಚಿಕ್ಕಮಗಳೂರಿಗೆ ಬಂದಾಗ ತನ್ನ ಅಭ್ಯಾಸದ ಕತ್ತಿಯನ್ನೂ ತಂದಿದ್ದ. ಅಗ್ಗದ್ದು, ಹರಿತವಿಲ್ಲದ್ದು. ಅಲಗಿಗೆ ಹೆಸರಿಡುವಂತಿಲ್ಲ, ಹಿಡಿಯ ಸಾಮಾನುಗಳು ಮಾತ್ರ ಗೊಂಬೆಯಂಗಡಿಯವು. ಕೈಗೂ ಅಲಗಿಗೂ ನಡುವೆ ಕೂರುವ ಬೇರೆ ಬಿಲ್ಲೆ ತರಿಸಿಕೊಂಡಿದ್ದ, ಅದನ್ನು ಕೂರಿಸಿಕೊಡಬೇಕಿತ್ತು. ಪರಿಚಯದ ಕುಲುಮೆಯ ಆಚಾರರಿಗೆ ಆಗಬೇಕಾದ ಕೆಲಸವನ್ನು ಕನ್ನಡದಲ್ಲಿ ಬರೆದುಕೊಡಲು ಕುಳಿತ ನಾನು ಎರಡನೆಯ ಸಾಲಿಗೇ ಸಿಕ್ಕಿಬಿದ್ದೆ.

ಅಲಗು, ಹಿಡಿ, ಒರೆ ಇವಕ್ಕೆ ತೊಂದರೆಯಿಲ್ಲ. ಹಿಡಿಗೆ ಅಮರಕೋಶದಲ್ಲಿ ‘ತ್ಸರು’ ಎಂದಿದೆ, ಜಪಾನಿಯಲ್ಲಿ ‘ತ್ಸುಕ’. ನೆಂಟಸ್ತಿಕೆ ಹುಡುಕುವವರು ದಯವಿಟ್ಟು ತಡೆದುಕೊಳ್ಳಿ, ಇದು ಬರಿಯ ಕಾಕತಾಳೀಯ. ‘ಬಾಯಿ’ ಎಂದಲ್ಲಿ ಸ್ವಲ್ಪ ಎಚ್ಚರ ಬೇಕು: ಒರೆಯ ಬಾಯಿಗೆ ಅವರು ‘ಕೊಯಿಗುಚಿ’, ಅಂದರೆ ಕಾರ್ಪ್ ಮೀನಿನ ಬಾಯಿ ಎನ್ನುತ್ತಾರೆ, ನಮ್ಮಲ್ಲಿ ಅಲಗಿನ ಹರಿತದ ಅಂಚೂ ಬಾಯಿಯೇ.

ತೊಡಕಿರುವುದು ‘ಮೆಕುಗಿ’ಯಲ್ಲಿ. ಅಲಗಿನ ಬಾಲ ಹಿಡಿಯೊಳಗೆ ಇಳಿದ ಮೇಲೆ ಎರಡನ್ನೂ ತೂರಿಕೊಂಡು ಅಡ್ಡಲಾಗಿ ಕೂರುವ ಬಿದಿರಿನ ಪುಟ್ಟ ಮೊಳೆ ಅದು. ಬಿದಿರೇ ಏಕೆಂದರೆ, ಅದರ ನಾರು ಬಾಗುತ್ತದೆ, ಥಟ್ಟನೆ ತುಂಡಾಗುವುದಿಲ್ಲ. ಅದು ಹೋದರೆ ಬೀಸಿದ ಅಲಗು ಹಿಡಿಯಿಂದ ಕಳಚಿ ಹಾರುತ್ತದೆ. ನಾನು ‘ಬೆಣೆ’ ಎಂದು ಬರೆದಿದ್ದೆ. ಆಚಾರರು ಸಣ್ಣ ಸುತ್ತಿಗೆಯಿಂದ ಎರಡು ಏಟು ಹಾಕಿ ಅದನ್ನು ಹೊರಗೆ ತಳ್ಳಿದರು, ಅಂಗೈಯಲ್ಲಿ ಉರುಳಿಸಿ ನೋಡಿದರು. ಒಂದು ಪಕ್ಕ ಜಜ್ಜಿಹೋಗಿತ್ತು. “ಬೆಣೆ ಹೊಡೆಯುವುದು ಸಡಿಲವಾದದ್ದನ್ನು ಬಿಗಿ ಮಾಡುವುದಕ್ಕೆ. ಇದು ಕಳಚಿ ಹೋಗದಂತೆ ತಡೆಯುವುದು. ಗಾಡಿಯ ಕಡಾಣಿಯಲ್ಲವೇ ಇದು?” ಎಂದರು.

ನನ್ನ ಬೆಣೆ ಅಲ್ಲಿಗೆ ಬಿತ್ತು. ಆದರೆ ಕಡಾಣಿಯನ್ನೂ ಪೂರ್ತಿ ಒಪ್ಪಲಾರೆ. ಕಡಾಣಿ ಅಚ್ಚಿನ ತುದಿಯನ್ನಷ್ಟೇ ತೂರಿ, ಚಕ್ರವನ್ನು ಹೊರಗಿನಿಂದ ತಡೆಯುತ್ತದೆ. ಮೆಕುಗಿ ಎರಡು ವಸ್ತುಗಳನ್ನು ಒಟ್ಟಿಗೆ ಪೋಣಿಸುತ್ತದೆ. ಹಾಗಾಗಿ ಅದು ಕೀಲು. ‘ಕೀಲು’ ಎಂದೊಡನೆ ಇಂದಿನವರಿಗೆ ಮಂಡಿನೋವು ನೆನಪಾಗುತ್ತದೆ ಎಂಬುದೊಂದೇ ಅಡ್ಡಿ.

ಜಪಾನಿ ಪದವನ್ನು ಬಿಡಿಸಿದರೆ ‘ಮೆ’ ಕಣ್ಣು, ‘ಕುಗಿ’ ಮೊಳೆ. ತೂತನ್ನು ಕಣ್ಣೆನ್ನುವುದು ನಮಗೂ ಹೊಸತಲ್ಲ: ಸೂಜಿಗಣ್ಣು, ಜರಡಿಯ ಕಣ್ಣು, ಬಲೆಯ ಕಣ್ಣು. ಕಡಾಣಿಯ ಇನ್ನೊಂದು ಹೆಸರಾದ ಕಡೆಗೀಲಿನ ಜಾಡಿನಲ್ಲಿ ‘ಕಣ್ಗೀಲು’ ಎಂದರೆ ಹೇಗೆ ಎಂದು ಉಬ್ಬಿಹೋದೆ. ಆಚಾರರು ನಕ್ಕರು: “ಯಾರ ಕಣ್ಣಿಗೆ ಹೊಡೆಯುತ್ತೀರಿ?”

ಕೈಗೂ ಅಲಗಿಗೂ ನಡುವಿನ ‘ತ್ಸುಬ’ದ ಕಥೆ ಬೇರೆ. ಜಪಾನಿಯಲ್ಲಿ ಟೋಪಿಯ ಅಂಚಿಗೂ ಅದೇ ಮಾತು. ಕುಲುಮೆಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಇರುವುದಾದರೂ ಹೇಗೆ? ಕುಡುಗೋಲಿಗೆ, ಮಚ್ಚಿಗೆ, ತೋಟದ ಕತ್ತಿಗೆ ಅಂಥ ಭಾಗವೇ ಇಲ್ಲ. ಆಚಾರರು ನೋಡಿದೊಡನೆ ‘ಬಿಲ್ಲೆ’ ಎಂದರು. ನಿಘಂಟು ನೋಡಿ ನಾನು ಕಟ್ಟಿಕೊಂಡು ಹೋಗಿದ್ದ ‘ಹಸ್ತರಕ್ಷಕ’ವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಬಿಲ್ಲೆಯ ಎರಡೂ ಮಗ್ಗುಲಿನ ತೆಳು ತಗಡುಗಳು, ‘ಸೆಪ್ಪ’, ಆಚಾರರಿಗೆ ವಾಷರ್. ನನಗೂ ಅದೇ ಸಾಕು.

ಬಿಲ್ಲೆಯ ಕಣ್ಣು ಅಲಗಿನ ಬಾಲಕ್ಕಿಂತ ದೊಡ್ಡದಿದ್ದು ಗಡಗಡ ಆಡುತ್ತಿತ್ತು. ಯಾರೂ ಹೇಳದೆಯೇ ಆಚಾರರು ಕಣ್ಣಿನ ಎರಡು ತುದಿಗೆ ತಾಮ್ರದ ಚೂರು ಬಡಿದು ಅರದಿಂದ ಉಜ್ಜಿದರು. ಜಪಾನಿನ ಕೆಲಸಗಾರರು ಮಾಡುವುದೂ ಇದನ್ನೇ, ಮೆತ್ತನೆಯ ತಾಮ್ರದಲ್ಲೇ. ಅವರು ಅದನ್ನು ‘ಸೆಕಿಗಾನೆ’ ಎನ್ನುತ್ತಾರೆ. “ಇದಕ್ಕೆ ಏನೆನ್ನುತ್ತೀರಿ?” ಎಂದು ಕೇಳಿದೆ. “ಒತ್ತು ಕೊಡುವುದು” ಎಂದರು. ಕ್ರಿಯಾಪದ ಇದೆ, ನಾಮಪದವಿಲ್ಲ.

ಬಲ್ಲವರಲ್ಲಿ ಕೇಳುವುದಿಷ್ಟು. ಸಕಲೇಶಪುರ, ಅರಕಲಗೂಡು, ಕಡೂರು ಕಡೆಯ ನೇಗಿಲು, ನೊಗ, ಗಾಡಿ ಕೆಲಸದಲ್ಲಿ ಎರಡು ಭಾಗಗಳನ್ನು ಅಡ್ಡಲಾಗಿ ತೂರಿ ಹಿಡಿಯುವ ಮರದ ಅಥವಾ ಬಿದಿರಿನ ಮೊಳೆಗೆ ಕೀಲು, ಕಡಾಣಿ ಬಿಟ್ಟು ಬೇರೆ ಹೆಸರುಂಟೇ? ಕುಲುಮೆಯಲ್ಲೋ ಗದ್ದೆಯಲ್ಲೋ ಕೇಳಿದ ಮಾತಾದರೆ ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.