ಹವಾಮಾನ ಒಪ್ಪಂದಗಳಲ್ಲಿ ಸಾಮಾನ್ಯ ಜನರಿಗೆ ಜಾಗವೆಲ್ಲಿದೆ?

ಪ್ರಶ್ನೆ – ಮಲೆನಾಡಿನ ಉಪನ್ಯಾಸಕಿ

ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ 1992ರ ರಿಯೊ ಶೃಂಗಸಭೆಯಿಂದ 2015ರ ಪ್ಯಾರಿಸ್ ಒಪ್ಪಂದದವರೆಗಿನ ಹಾದಿಯನ್ನು ವಿವರಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಮೇಡಂ, ಅಲ್ಲಿ ನಮ್ಮನ್ನು ಕೇಳುವವರು ಯಾರು?" ಎಂದಳು. ಒಪ್ಪಂದದ 12ನೇ ವಿಧಿಯಲ್ಲಿ ಶಿಕ್ಷಣ, ಜನಜಾಗೃತಿ ಮತ್ತು ಸಾರ್ವಜನಿಕರ ಪಾಲ್ಗೊಳ್ಳುವಿಕೆಯ ಪ್ರಸ್ತಾಪವಿದೆ ಎಂದು ಹೇಳಿ ಆ ದಿನ ಪಾರಾದೆನಾದರೂ, ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಗಿಡ ನೆಡುವುದು, ಭಿತ್ತಿಪತ್ರ ಬರೆಯುವುದು ಇವನ್ನು ಬಿಟ್ಟು, ದೇಶದೇಶಗಳ ನಡುವಿನ ತೀರ್ಮಾನವೊಂದರಲ್ಲಿ ಸಾಮಾನ್ಯ ಜನರ ಕೈ ನಿಜವಾಗಿ ಆಡಿದ ಉದಾಹರಣೆ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 – ಕರಿಕೋಟು

ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ವನುವಾಟುವಿನ ಕಥೆ ಹೇಳಿ. 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು, ಹವಾಮಾನಕ್ಕೆ ಹಾನಿ ಮಾಡುವ ದೇಶಗಳ ಕಾನೂನುಬದ್ಧ ಹೊಣೆ ಏನೆಂಬುದನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೇ ಹೇಳಲಿ ಎಂದು ಹೊರಟರು. ವಿದ್ಯಾರ್ಥಿಗಳು ನೇರವಾಗಿ ಆ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ. ವಿಶ್ವಸಂಸ್ಥೆಯ ಮಹಾಸಭೆಯಂಥ ಅಧಿಕೃತ ಅಂಗವೊಂದು ಅಭಿಪ್ರಾಯ ಕೇಳಬೇಕು. ಹಾಗಾಗಿ ಅವರು ದ್ವೀಪರಾಷ್ಟ್ರಗಳ ಸರ್ಕಾರಗಳಿಗೆ ಪತ್ರ ಬರೆದರು, ವನುವಾಟು ಸರ್ಕಾರ ಆ ಬೇಡಿಕೆಯನ್ನು ತನ್ನದಾಗಿಸಿಕೊಂಡಿತು, 2023ರ ಮಾರ್ಚ್ 29ರಂದು ಮಹಾಸಭೆ ಮತದಾನದ ಅಗತ್ಯವೇ ಬೀಳದೆ ಒಮ್ಮತದಿಂದ ಗೊತ್ತುವಳಿ ಅಂಗೀಕರಿಸಿತು. 2025ರ ಜುಲೈ 23ರಂದು ನ್ಯಾಯಾಧೀಶರು ಸರ್ವಾನುಮತದಿಂದ ಅಭಿಪ್ರಾಯ ನೀಡಿದರು: ಹವಾಮಾನಕ್ಕೆ ಗಣನೀಯ ಹಾನಿಯಾಗದಂತೆ ತಡೆಯುವುದು ದೇಶಗಳ ಕರ್ತವ್ಯ, ಅದನ್ನು ಮೀರಿದರೆ ಪರಿಹಾರ ಕೊಡಬೇಕಾಗಿ ಬರಬಹುದು. ತರಗತಿಯಲ್ಲಿ ಹುಟ್ಟಿದ ಮಾತೊಂದು ಹೇಗ್ ತಲುಪಲು ಆರು ವರ್ಷ ಹಿಡಿಯಿತು. ನಮ್ಮಲ್ಲಿ ಜಮೀನಿನ ವ್ಯಾಜ್ಯಕ್ಕೂ ಇದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ ಎಂಬುದನ್ನು ವೃತ್ತಿಯ ಅನುಭವದಿಂದ ಸೇರಿಸುತ್ತೇನೆ.

ಉತ್ತರ 2 – ಲೆಕ್ಕದ ಪುಸ್ತಕ

ಕರಿಕೋಟು ಅವರು ಒಂದು ಮಾತನ್ನು ಮರೆತಿದ್ದಾರೆ. ಅದು ಸಲಹಾ ಅಭಿಪ್ರಾಯ, ಯಾರನ್ನೂ ಕಟ್ಟಿಹಾಕುವ ತೀರ್ಪಲ್ಲ. ಅಲ್ಲದೆ ಇದು ಒಳ್ಳೆಯವರು ಮತ್ತು ಕೆಟ್ಟವರ ನಡುವಿನ ಜಗಳವೂ ಅಲ್ಲ. ಈಗಿರುವ ಒಪ್ಪಂದಗಳನ್ನು ಮೀರಿದ ಹೊಸ ಹೊಣೆಗಳನ್ನು ಹೊರಿಸಬಾರದು ಎಂದು ಭಾರತವೂ ಹೇಗ್‌ನಲ್ಲಿ ವಾದಿಸಿತ್ತು. ಅಸಲಿ ಗಂಟಿರುವುದು ದುಡ್ಡಿನಲ್ಲಿ. 2020ರ ಹೊತ್ತಿಗೆ ಬಡ ದೇಶಗಳ ಹವಾಮಾನ ಕೆಲಸಕ್ಕೆ ವರ್ಷಕ್ಕೆ 100 ಶತಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೊಟ್ಟ ಮಾತು ಹೊತ್ತಿಗೆ ಸರಿಯಾಗಿ ನಡೆಯಲಿಲ್ಲ. 2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ 2035ರೊಳಗೆ ವರ್ಷಕ್ಕೆ 300 ಶತಕೋಟಿ ಎಂದು ತೀರ್ಮಾನವಾದಾಗ ಭಾರತದ ಪ್ರತಿನಿಧಿ ಅದನ್ನು ಅಲ್ಲೇ ಬಹಿರಂಗವಾಗಿ ವಿರೋಧಿಸಿದರು. ಹಣ ಕೊಡಬೇಕಾದವರು ಕೊಡದಿದ್ದರೆ ವಿದ್ಯಾರ್ಥಿಗಳ ಪತ್ರದಿಂದ ಏನಾದೀತು?

ಉತ್ತರ 3 – ಕಂಪ್ರೆಸರ್

ದುಡ್ಡು ಕೊಟ್ಟ ಉದಾಹರಣೆಯೂ ಇದೆ ಸ್ವಾಮಿ, ನನ್ನ ಕಸುಬಿನಲ್ಲೇ ಇದೆ. ನಮ್ಮ ತಂದೆಯವರದು ಫ್ರಿಜ್ ರಿಪೇರಿ ಅಂಗಡಿ. ನಾನು ಹುಡುಗನಾಗಿದ್ದಾಗ, ಕೆಟ್ಟ ಫ್ರಿಜ್ ಬಂದರೆ ಹಿಂದಿನ ತಾಮ್ರದ ಕೊಳವೆಯನ್ನು ಕತ್ತರಿಸಿ ಒಳಗಿದ್ದ ಆರ್-12 ಗ್ಯಾಸನ್ನು ಸುಯ್ಯೆಂದು ಗಾಳಿಗೆ ಬಿಡುತ್ತಿದ್ದರು. ಓಝೋನ್ ಪದರವನ್ನು ತಿನ್ನುತ್ತಿದ್ದುದು ಅದೇ ಎಂಬುದು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಜಾತಿಯ ಅನಿಲಗಳ ಅಪಾಯವನ್ನು ಇಬ್ಬರು ವಿಜ್ಞಾನಿಗಳು, ಮೊಲಿನಾ ಮತ್ತು ರೋಲೆಂಡ್, 1974ರಲ್ಲಿ ಪ್ರಕಟಿಸಿದಾಗ, ಅಮೆರಿಕದ ಜನರು ಕಾನೂನಿಗೆ ಕಾಯದೆ ಇದೇ ಅನಿಲಗಳಿದ್ದ ಸ್ಪ್ರೇ ಡಬ್ಬಿಗಳನ್ನು ಕೊಳ್ಳುವುದನ್ನು ಕಡಿಮೆ ಮಾಡಿದರು. ಅಲ್ಲಿ ನಿಷೇಧ ಬಂದದ್ದು 1978ರಲ್ಲಿ, ಓಝೋನ್ ಪದರ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1987ರಲ್ಲಿ. ಬದಲಿ ತಂತ್ರಜ್ಞಾನದ ಖರ್ಚನ್ನು ಯಾರು ಹೊರಬೇಕು ಎಂದು ಭಾರತ ಮತ್ತು ಚೀನಾ ಪಟ್ಟು ಹಿಡಿದ ಮೇಲೆ 1990ರಲ್ಲಿ ಲಂಡನ್‌ನಲ್ಲಿ ಆ ಖರ್ಚಿಗೆ ನೆರವಾಗುವ ಬಹುಪಕ್ಷೀಯ ನಿಧಿ ರೂಪುಗೊಂಡಿತು, 1992ರಲ್ಲಿ ನಾವೂ ಒಪ್ಪಂದಕ್ಕೆ ಸೇರಿದೆವು. ಲೆಕ್ಕದ ಪುಸ್ತಕದವರು ಹೇಳಿದ್ದು ಸರಿ, ನಿಧಿಯಿಲ್ಲದೆ ಆ ಒಪ್ಪಂದ ನಡೆಯುತ್ತಿರಲಿಲ್ಲ. ಆದರೆ ಜನರು ಮೊದಲು ಕದಲದಿದ್ದರೆ ಸರ್ಕಾರಗಳಿಗೂ ಅಷ್ಟು ಅವಸರವಿರುತ್ತಿರಲಿಲ್ಲ.

ಆರ್-12ರ ಜಾಗಕ್ಕೆ ಬಂದ 134ಎ ಗ್ಯಾಸ್ ಓಝೋನಿಗೆ ನಿರಪಾಯಕಾರಿ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮಾತ್ರ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲಶಾಲಿ. ಹಾಗಾಗಿ 2016ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಬಂದಿತು. ಅದರಂತೆ ಭಾರತ 2028ರಲ್ಲಿ ಈ ಬಗೆಯ ಅನಿಲಗಳ ಬಳಕೆಯ ಏರಿಕೆಯನ್ನು ನಿಲ್ಲಿಸಿ, 2047ರ ಹೊತ್ತಿಗೆ 85 ಪ್ರತಿಶತ ಇಳಿಸಬೇಕು. ಇಲ್ಲಿ ಗಿರಾಕಿಯ ಪಾತ್ರ ದೊಡ್ಡದು. ಎಸಿ ತಣ್ಣಗಾಗುತ್ತಿಲ್ಲವೆಂದರೆ ಬಹಳ ಮಂದಿ "ಗ್ಯಾಸ್ ತುಂಬಿಸಿಬಿಡಿ" ಎನ್ನುತ್ತಾರೆ. ಗ್ಯಾಸ್ ತಾನಾಗಿ ಮುಗಿಯುವ ವಸ್ತುವಲ್ಲ, ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ತುಂಬಿದರೆ ಮುಂದಿನ ಬೇಸಿಗೆಯೊಳಗೆ ಅದೂ ಆಕಾಶಕ್ಕೆ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಲೆಕ್ಕದ ಪುಸ್ತಕದವರ ಸಂಶಯವನ್ನೂ ತರಗತಿಯಲ್ಲಿ ಹಾಗೆಯೇ ಇಡುತ್ತೇನೆ, ಮಕ್ಕಳೇ ವಾದಿಸಲಿ. ಕಂಪ್ರೆಸರ್ ಅವರೇ, ತಮ್ಮ ಅಂಗಡಿ ಶಿವಮೊಗ್ಗದ ಆಸುಪಾಸಿನಲ್ಲಿದ್ದರೆ ಒಂದು ಶನಿವಾರ ನಮ್ಮ ಕಾಲೇಜಿಗೆ ಬಂದು ಸೋರಿಕೆಯನ್ನು ಹುಡುಕುವುದು ಹೇಗೆಂದು ತೋರಿಸಬಹುದೇ? ಸಿಬ್ಬಂದಿ ಕೊಠಡಿಯ ಫ್ರಿಜ್ಜಿಗೆ ಎರಡು ವರ್ಷದಲ್ಲಿ ಮೂರು ಬಾರಿ ಗ್ಯಾಸ್ ತುಂಬಿಸಿದ್ದೇವೆ.