ಮಕ್ಕಳ ಎಂಡೋಕ್ರೈನಾಲಜಿ ಫೆಲೋಶಿಪ್: ಅರ್ಜಿಯಲ್ಲಿ ಏನು ಬರೆಯಲಿ?

ಪ್ರಶ್ನೆ (ವಿಜಯಪುರದಿಂದ)

ಎಂಡಿ ಪೀಡಿಯಾಟ್ರಿಕ್ಸ್ ಮುಗಿಸಿ ಸೀನಿಯರ್ ರೆಸಿಡೆಂಟ್ ಆಗಿದ್ದೇನೆ. ನಮ್ಮ ವಾರ್ಡಿಗೆ ಟೈಪ್ 1 ಡಯಾಬಿಟಿಸ್ ಮಕ್ಕಳು ಬರುವುದೇ ಡಿಕೆಎ (ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯ ಆಗುವ ಸ್ಥಿತಿ) ಆದ ಮೇಲೆ. ಉಳಿಸಿ ಮನೆಗೆ ಕಳಿಸುತ್ತೇವೆ, ಮುಂದೆ ಏನಾಯಿತೋ ಗೊತ್ತಾಗುವುದಿಲ್ಲ. ಅದಕ್ಕೇ ಎಂಡೋಕ್ರೈನಾಲಜಿಯನ್ನು, ಅಂದರೆ ಹಾರ್ಮೋನು ಕಾಯಿಲೆಗಳ ವಿಷಯವನ್ನು, ಸರಿಯಾಗಿ ಕಲಿಯಬೇಕು ಅಂತ ಆಸೆ. ನೀಟ್ ಎಸ್‌ಎಸ್ (ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ) ಬರೆದು ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಪದವಿ) ಮಾಡಲಾ, ಬೆಂಗಳೂರಿನಲ್ಲಿ ಫೆಲೋಶಿಪ್ ಮಾಡಲಾ? ಅರ್ಜಿ ಜೊತೆ ಕೊಡುವ ಸ್ಟೇಟ್‌ಮೆಂಟ್ (ಈ ವಿಷಯ ಯಾಕೆ ಬೇಕು ಅಂತ ಹೇಳುವ ಬರಹ) ಬರೆಯಲು ಕೂತರೆ ಎರಡು ಸಾಲಿನ ಮುಂದೆ ಹೋಗುತ್ತಿಲ್ಲ.

ಉತ್ತರ (ದಾವಣಗೆರೆ)

ಡಿಎಂ ಎಂಡೋಕ್ರೈನಾಲಜಿಗೆ ಎಂಡಿ ಪೀಡಿಯಾಟ್ರಿಕ್ಸ್ ಆದವರೂ ಅರ್ಹರು. ಮೂರು ವರ್ಷ, ಆದರೆ ಜಾಸ್ತಿ ನೋಡುವುದು ದೊಡ್ಡವರನ್ನೇ. ಮಕ್ಕಳಿಗೇ ಮೀಸಲಾದ ಡಿಎಂ ಚಂಡೀಗಢದ ಪಿಜಿಐನಲ್ಲಿದೆ, ಅದಕ್ಕೆ ಐಎನ್‌ಐ ಎಸ್‌ಎಸ್ (ಏಮ್ಸ್, ಪಿಜಿಐನಂಥ ರಾಷ್ಟ್ರೀಯ ಸಂಸ್ಥೆಗಳ ಬೇರೆ ಪರೀಕ್ಷೆ) ಬರೆಯಬೇಕು. ಫೆಲೋಶಿಪ್ ಡಿಎಂಗೆ ಸಮ ಅಲ್ಲ. ಕಾಲೇಜಿನಲ್ಲಿ ಸೂಪರ್ ಸ್ಪೆಷಾಲಿಟಿ ಹುದ್ದೆ ಬೇಕಿದ್ದರೆ ಇದನ್ನು ಮೊದಲೇ ಯೋಚಿಸಿ.

ಉತ್ತರ (ಬೆಂಗಳೂರು, ಫೆಲೋಶಿಪ್ ಮಾಡಿದವಳು)

ಊರಿಗೆ ವಾಪಸ್ ಹೋಗಿ ಮಕ್ಕಳನ್ನೇ ನೋಡುವ ಮನಸ್ಸಿದ್ದರೆ ಫೆಲೋಶಿಪ್ ಮಾಡಿ ಅಂತಲೇ ಹೇಳುತ್ತೇನೆ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಫೆಲೋಶಿಪ್ ಇದೆ. ಎಲ್ಲಿಗೇ ಅರ್ಜಿ ಹಾಕಿ, ಮೊದಲು ಒಂದು ದಿನ ಅವರ ಓಪಿಡಿಯಲ್ಲಿ ಕೂತು ಬನ್ನಿ. ಹಳೆಯ ಫೈಲ್ ಹಿಡಿದು ಬರುವ ಮಕ್ಕಳು ಎಷ್ಟು ಜನ ಅಂತ ನೋಡಿ. ನಮ್ಮ ವಿಷಯದಲ್ಲಿ ಒಂದು ಸಲದ ನೋಟಕ್ಕೆ ಬೆಲೆ ಇಲ್ಲ. ಆರು ತಿಂಗಳ ಹಿಂದಿನ ಎತ್ತರ ಇಲ್ಲದೆ ಇವತ್ತಿನ ಎತ್ತರ ಏನು ಹೇಳುತ್ತದೆ, ಹೇಳಿ?

ಸ್ಟೇಟ್‌ಮೆಂಟಿನಲ್ಲೂ ಅಷ್ಟೇ. 'ಮಕ್ಕಳೆಂದರೆ ಪ್ರೀತಿ' ಅಂತ ಎಲ್ಲರೂ ಬರೆಯುತ್ತಾರೆ. ನೀವು ಒಂದೇ ಒಂದು ಮಗುವಿನ ಬಗ್ಗೆ ಬರೆಯಿರಿ. ನಾನು ಬರೆದದ್ದು ಸಿಎಎಚ್ (ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿ ಬೇಕಾದಷ್ಟು ಹಾರ್ಮೋನು ಮಾಡದ ಕಾಯಿಲೆ) ಇದ್ದ ಕೂಸಿನ ಬಗ್ಗೆ. ಹುಟ್ಟಿದ ಎರಡನೇ ವಾರ ವಾಂತಿ, ಸೋಡಿಯಂ ಇಳಿದಿತ್ತು, ಪೊಟ್ಯಾಸಿಯಂ ಏರಿತ್ತು. ಆ ಹಾರ್ಮೋನಿನ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಮಾತ್ರೆಯಿಂದ ಅಷ್ಟು ಸಣ್ಣ ಡೋಸ್ ತೆಗೆಯುವುದನ್ನು ಕೂಸಿನ ಅಜ್ಜಿಗೆ ಕಲಿಸಿದ್ದು, ಜ್ವರ ಬಂದರೆ ಡೋಸ್ ಹೆಚ್ಚಿಸಬೇಕು ಅಂತ ಚೀಟಿ ಬರೆದು ಕೊಟ್ಟಿದ್ದು, ಮುಂದಿನ ಸಲ ಅಜ್ಜಿ ಆ ಚೀಟಿ ತಂದು ತೋರಿಸಿದ್ದು. ಸಂದರ್ಶನದಲ್ಲಿ ಅದರ ಮೇಲೇ ಹೆಚ್ಚು ಪ್ರಶ್ನೆ ಬಂದವು.

ಕೈಯಲ್ಲಿ ಮಾಡುವ ಕೆಲಸ ಪಕ್ಕಾ ಇರಲಿ. ನನಗೆ ಗ್ರೋತ್ ಚಾರ್ಟ್ ಕೊಟ್ಟು ಚುಕ್ಕೆ ಇಡಿಸಿದರು. ತಂದೆ ತಾಯಿ ಎತ್ತರ ಕೂಡಿಸಿ, ಗಂಡು ಮಗುವಿಗೆ 13 ಸೆಂ.ಮೀ. ಸೇರಿಸಿ, ಹೆಣ್ಣಾದರೆ ಕಳೆದು, ಎರಡರಿಂದ ಭಾಗಿಸಿ ನಿರೀಕ್ಷಿತ ಎತ್ತರ ಹೇಳಿಸಿದರು. ಆರ್ಕಿಡೋಮೀಟರ್ (ಹುಡುಗರ ಪ್ರೌಢತೆ ತಿಳಿಯಲು ವೃಷಣದ ಗಾತ್ರ ಹೋಲಿಸಿ ನೋಡುವ ಮಣಿಸರ) ಮಣಿಗಳಲ್ಲಿ 4 ಮಿ.ಲೀ. ಯಾವುದು, ಅದು ಏಕೆ ಮುಖ್ಯ ಅಂತಲೂ ಕೇಳಿದರು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಮೇಡಂ. ನನ್ನ ಹತ್ತಿರ ಅಂಥ ದೊಡ್ಡ ಕೇಸ್ ಇಲ್ಲ. ಫ್ರಿಜ್ ಇಲ್ಲದ ಮನೆಯ ಹುಡುಗಿಯೊಬ್ಬಳಿಗೆ ಇನ್ಸುಲಿನ್ ಅನ್ನು ಮಣ್ಣಿನ ಮಡಕೆಯಲ್ಲಿ ಇಡುವುದು ಹೇಳಿಕೊಟ್ಟಿದ್ದೆ, ಅಷ್ಟೇ.

ಉತ್ತರ (ಬೆಂಗಳೂರು)

ಅದನ್ನೇ ಬರೆಯಿರಿ! ವಿಜಯಪುರದ ಬೇಸಿಗೆಯಲ್ಲಿ ಅದು ಸಣ್ಣ ವಿಷಯ ಅಲ್ಲವೇ ಅಲ್ಲ. ಆದರೆ ಅದಕ್ಕೂ ಮೊದಲು ಆ ಮನೆಗೆ ಫೋನ್ ಮಾಡಿ, ಈಗ ಶುಗರ್ ಎಷ್ಟಿದೆ, ಶಾಲೆಯಲ್ಲಿ ಮಧ್ಯಾಹ್ನದ ಇಂಜೆಕ್ಷನ್ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿಕೊಳ್ಳಿ. ಡ್ರಾಫ್ಟ್ ಆದಮೇಲೆ ಇಲ್ಲೇ ಹಾಕಿ, ಹುಡುಗಿಯ ಹೆಸರು ಮಾತ್ರ ಬೇಡ.